ಜಕ್ಕೂರು ಕೆರೆಯನ್ನು ಹಲಗೆಯ ಮೇಲೆ ಕಟ್ಟಿದ್ದು: ಹರಿಯುವ ನೀರಿನ ಮಾದರಿಯ ಕೆಲಸದ ದಾಖಲೆ

ಬೆಂಗಳೂರಿನ ಜಕ್ಕೂರು ಕೆರೆಯ ಮಾದರಿ ಈಗ ನೀರು ಹಿಡಿಯುತ್ತದೆ. ಕೋಡಿಯೂ ಹರಿಯಬೇಕಾದ ಕಡೆಯಲ್ಲೇ ಹರಿಯುತ್ತದೆ. ತೂಬಿನ ಬುಡದಲ್ಲಿ ಮಾತ್ರ ಇನ್ನೂ ಜಿನುಗುತ್ತಿದೆ. ಅದು ನಿಲ್ಲಲಿ ಎಂದು ಕಾಯುತ್ತಾ ಕುಳಿತರೆ ಇದನ್ನು ಬರೆಯುವುದೇ ಇಲ್ಲ. ತಮ್ಮ ಬಡಾವಣೆಯ ಕೆರೆಗೂ ಇಂಥದ್ದೊಂದು ಮಾಡಬೇಕೆಂದು ಕೇಳಿದವರು ಥರ್ಮೊಕೋಲ್ ಕೊಳ್ಳಲು ಹೋಗುವ ಮೊದಲು ಇದನ್ನು ಓದಿಕೊಳ್ಳಲಿ ಎಂಬುದೂ ಒಂದು ಕಾರಣ.

ಏಕೆ ಬೇಕಾಯಿತು ಎಂಬುದು ಚಿಕ್ಕ ಕತೆ. ಪ್ರತಿ ಮಳೆಗಾಲದಲ್ಲೂ ನಮ್ಮ ನಿವಾಸಿಗಳ ಸಭೆಯಲ್ಲಿ ಒಂದೇ ವಾದ: ರಸ್ತೆಗೆ ಬಂದ ನೀರು ಎಲ್ಲಿಯದು? ಕೆರೆ ಉಕ್ಕಿತು ಎಂದು ಒಬ್ಬರು, ಚರಂಡಿ ಕಟ್ಟಿತು ಎಂದು ಇನ್ನೊಬ್ಬರು. ಇಬ್ಬರೂ ಜಕ್ಕೂರು ಕೆರೆಯನ್ನು ಒಂಟಿಯಾಗಿ ನಿಂತ ನೀರು ಎಂದೇ ತಿಳಿದಿದ್ದರು. ಯಲಹಂಕ, ಅಲ್ಲಾಳಸಂದ್ರ ಕಡೆಯ ನೀರು ರಾಜಕಾಲುವೆ ಹಿಡಿದು ಜಕ್ಕೂರಿಗೆ ಬರುತ್ತದೆ. ಇಲ್ಲಿ ತುಂಬಿ ಮಿಕ್ಕಿದ್ದು ರಾಚೇನಹಳ್ಳಿ ಕೆರೆಗೆ ಇಳಿಯುತ್ತದೆ. ಆ ಸಾಲು ಕೊನೆಗೆ ಎಲೆಮಲ್ಲಪ್ಪ ಶೆಟ್ಟಿ ಕೆರೆಯನ್ನು ಮುಟ್ಟಿ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಇದನ್ನು ಬಾಯಲ್ಲಿ ಹೇಳಿದಾಗ ಎಲ್ಲರೂ ತಲೆಯಾಡಿಸಿದರು, ಮುಂದಿನ ಸಭೆಯಲ್ಲಿ ಅದೇ ವಾದ ಮತ್ತೆ ಬಂತು. ಹಾಗಾಗಿ ಉತ್ತರದ ತುದಿಯಲ್ಲಿ ಸುರಿದ ನೀರು ಕಣ್ಣೆದುರೇ ಹರಿದು ಹೋಗುವ ಹಲಗೆಯೊಂದನ್ನು ಮಾಡಲು ಹೊರಟೆ.

ಹಂತ 1: ಅಳತೆ

ಅಡ್ಡಳತೆ 1:5,000. ಅಂದರೆ ಮಾದರಿಯ 1 ಸೆಂಟಿಮೀಟರ್ ನೆಲದ ಮೇಲೆ 50 ಮೀಟರ್. ಹಲಗೆ 80 × 60 ಸೆಂ.ಮೀ. ಇರಲಿ ಎಂದುಕೊಂಡಿದ್ದೆ. ನಕ್ಷೆ ಅಚ್ಚು ಹಾಕಿಸುವ ಅಂಗಡಿಯಲ್ಲಿ ಎ1 ಹಾಳೆಯ ಅಗಲ 59.4 ಸೆಂ.ಮೀ. ಎಂದು ಗೊತ್ತಾದ ಮೇಲೆ 80 × 56ಕ್ಕೆ ಇಳಿಸಿದೆ. ಹಾಳೆಗಳನ್ನು ಅಂಟಿಸಿ ಜೋಡಿಸುವ ಕೆಲಸ ತಪ್ಪಿತು. ನೆಲದ ಲೆಕ್ಕದಲ್ಲಿ ಇದು ಉತ್ತರ–ದಕ್ಷಿಣ 4 ಕಿ.ಮೀ., ಪೂರ್ವ–ಪಶ್ಚಿಮ 2.8 ಕಿ.ಮೀ.

ಎತ್ತರಕ್ಕೂ ಅದೇ ಅಳತೆ ಇಟ್ಟರೆ ಮಾದರಿಯೇ ಇರುವುದಿಲ್ಲ. ಏರಿಳಿತಕ್ಕೆ 40 ಮೀಟರ್ ಇಟ್ಟುಕೊಂಡಿದ್ದೆ. 1:5,000ರಲ್ಲಿ ಅದು ಬರೀ 8 ಮಿ.ಮೀ. ಬೆಂಗಳೂರಿನ ಈ ಭಾಗದಲ್ಲಿ ನಡೆಯುವವನಿಗೆ ಇಳಿಜಾರು ಕಾಲಿಗೆ ತಿಳಿಯುವುದೇ ಇಲ್ಲ, ನೀರಿಗೆ ಮಾತ್ರ ತಿಳಿಯುತ್ತದೆ. ಹೀಗಾಗಿ ಎತ್ತರವನ್ನು 1:400 ಮಾಡಿದೆ. 2 ಮೀಟರಿಗೆ ಒಂದು ಪದರ, ಪದರದ ದಪ್ಪ 5 ಮಿ.ಮೀ., ಒಟ್ಟು 20 ಪದರ, 10 ಸೆಂ.ಮೀ. ಎತ್ತರ. ಏರಿಳಿತ ಹನ್ನೆರಡೂವರೆ ಪಟ್ಟು ಹಿಗ್ಗಿದೆ. ಇದನ್ನು ಮಾದರಿಯ ಮೇಲೆಯೇ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಇಲ್ಲದಿದ್ದರೆ ಜಕ್ಕೂರನ್ನು ಮಲೆನಾಡು ಎಂದುಕೊಳ್ಳುವವರಿದ್ದಾರೆ.

ಹಂತ 2: ಮಟ್ಟಗಳನ್ನು ಎಲ್ಲಿಂದ ತರುವುದು

ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಹಾಳೆಗಳಲ್ಲಿ ಸಮಮಟ್ಟ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು, 20 ಮೀಟರಿಗೊಂದು. ನನ್ನ 40 ಮೀಟರಿನೊಳಗೆ ಬೀಳುವುದು ಎರಡೋ ಮೂರೋ ಗೆರೆ. ಹಾಗಾಗಿ ಮೊದಲು ಬಾಹ್ಯಾಕಾಶ ನೌಕೆಯ ರೇಡಾರ್ ದತ್ತಾಂಶವನ್ನು ಇಳಿಸಿಕೊಂಡೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಹಾರಿ ಅಳೆದದ್ದು, ಸುಮಾರು 30 ಮೀಟರಿಗೊಂದು ಚುಕ್ಕಿ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ 2 ಮೀಟರಿಗೊಂದು ರೇಖೆ ಎಳೆಸಿದಾಗ ಪರದೆಯ ಮೇಲೆ ನೂರಾರು ಪುಡಿ ಉಂಗುರಗಳು ಬಂದವು. ಕಾರಣ ಸರಳ. ಆ ದತ್ತಾಂಶದ ಎತ್ತರಗಳು ಪೂರ್ಣಾಂಕ ಮೀಟರುಗಳಲ್ಲಿವೆ, ತಪ್ಪು ಹಲವು ಮೀಟರ್ ಇರಬಹುದು. ಅದರಿಂದ 2 ಮೀಟರಿನ ರೇಖೆ ಕೇಳುವುದೇ ಅತಿಯಾಸೆ. ಜೊತೆಗೆ ರೇಡಾರ್ ನೆಲವನ್ನಲ್ಲ, ಎದುರಿಗೆ ಸಿಕ್ಕಿದ್ದನ್ನು ಅಳೆಯುತ್ತದೆ. ಒಂದೊಂದು ತೋಪೂ ಒಂದೊಂದು ದಿಬ್ಬವಾಗಿತ್ತು.

ಇದಕ್ಕಿಂತ ಹೊಸದಾದ, 2011ರಿಂದ 2015ರ ನಡುವಿನ ಉಪಗ್ರಹ ಅಳತೆಯ ಕೋಪರ್ನಿಕಸ್ ದತ್ತಾಂಶ ಹಾಕಿ ನೋಡಿದೆ. ಅದು ನಯವಾಗಿದೆ, ದಶಾಂಶಗಳೂ ಇವೆ. ಆದರೆ ಅಷ್ಟರಲ್ಲಿ ತೋಪುಗಳ ಜಾಗದಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದಿದ್ದವು. ದಿಬ್ಬಗಳು ಇನ್ನೂ ಎತ್ತರವಾದವು! ಎರಡನ್ನೂ ಒಂದರ ಮೇಲೊಂದು ಇಟ್ಟು, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಉಂಗುರಗಳನ್ನು ಕೈಯಿಂದಲೇ ಅಳಿಸುತ್ತಾ ಬಂದೆ. ಬೇಸರದ ಕೆಲಸ, ಅಡ್ಡದಾರಿ ಇಲ್ಲ.

ಅಳಿಸಿ ಉಳಿದದ್ದನ್ನು ಸರಿಹೊಂದಿಸಲು ನೆರವಾದದ್ದು ಕೆರೆಯೇ. ಕೋಡಿ ಹರಿಯುವ ಹೊತ್ತಿಗೆ ಕೆರೆಯಂಚು ಎಲ್ಲಿರುತ್ತದೋ ಅದು ನೆಲದ ಮೇಲೆ ನೀರೇ ಎಳೆದ ಸಮಮಟ್ಟ ರೇಖೆ. ಯಾವ ಉಪಗ್ರಹವೂ ಅಷ್ಟು ನಿಖರವಾಗಿ ಎಳೆಯಲಾರದು. ಜಕ್ಕೂರಿಗೆ ಒಂದು, ರಾಚೇನಹಳ್ಳಿಗೆ ಒಂದು: ಎರಡು ಗೆರೆಗಳು ಖಚಿತವಾಗಿ ಸಿಕ್ಕವು. ಮೂರನೆಯದು ರಾಜಕಾಲುವೆಗಳು. ಕಾಲುವೆ ಏರು ಹತ್ತುವುದಿಲ್ಲ, ಆದ್ದರಿಂದ ಅದನ್ನು ದಾಟುವ ಪ್ರತಿ ರೇಖೆಯೂ ಮೇಲುಗಡೆಗೆ ಮೂತಿ ಮಾಡಿ ಬಾಗಲೇಬೇಕು. ಹಾಗೆ ಬಾಗದ ರೇಖೆಗಳನ್ನೆಲ್ಲ ತಿದ್ದಿದೆ. ಕಾಲುವೆಗಳ ದಾರಿಯನ್ನು ನಕ್ಷೆಯಲ್ಲಿ ನೋಡಿದ್ದು ಸಾಲದೆ ನಡೆದು ನೋಡಬೇಕಾಯಿತು. ಕೆಲವೆಡೆ ಕಾಲುವೆ ಕಾಂಕ್ರೀಟ್ ಮುಚ್ಚಳದ ಕೆಳಗಿದೆ, ಮೇಲೆ ಕಾರುಗಳು ನಿಂತಿವೆ.

ಅಚ್ಚು ಹಾಕಿಸುವವರಿಗೆ ಒಂದು ಎಚ್ಚರಿಕೆ. ಮೊದಲ ಹಾಳೆಯನ್ನು ಯಂತ್ರ ತಾನಾಗಿಯೇ ಕುಗ್ಗಿಸಿ ಅಚ್ಚು ಹಾಕಿತ್ತು. ಮೂಲೆಯಲ್ಲಿ 10 ಸೆಂ.ಮೀ. ಗೆರೆಯೊಂದನ್ನು ಎಳೆದುಕೊಂಡಿರಿ, ಅಂಗಡಿಯಲ್ಲೇ ಅದರ ಮೇಲೆ ಅಳತೆಪಟ್ಟಿ ಇಟ್ಟು ನೋಡಿ, ಆಮೇಲೆ ದುಡ್ಡು ಕೊಡಿ.

ಹಂತ 3: ಪದರಗಳು

ಥರ್ಮೊಕೋಲ್ ಅಗ್ಗ, ಬಿಸಿ ತಂತಿಯಲ್ಲಿ ಬೆಣ್ಣೆಯಂತೆ ಕತ್ತರಿಸುತ್ತದೆ. ನಾಲ್ಕು ಪದರ ಕತ್ತರಿಸಿ, ಚಪ್ಪಲಿ ರಿಪೇರಿಗೆ ಬಳಸುವ ಹಳದಿ ರಬ್ಬರ್ ಅಂಟನ್ನು ಬಳಿದೆ. ಅಂಟಿನ ದ್ರಾವಕ ಥರ್ಮೊಕೋಲನ್ನು ಕರಗಿಸಿಬಿಟ್ಟಿತು. ಹದಿನೈದು ನಿಮಿಷದಲ್ಲಿ ಪದರಗಳ ನಡುವೆ ಗುಹೆಗಳಾದವು. ಬಿಳಿ ಮರದ ಅಂಟಿನಲ್ಲಿ ಕರಗುವುದಿಲ್ಲ, ಆದರೆ ನೀರಿನಲ್ಲಿ ನೆನೆದರೆ ಅದು ಮತ್ತೆ ಮೆತ್ತಗಾಗುತ್ತದೆ. ನೀರಿನ ಮಾದರಿಗೆ ಎರಡೂ ಆಗದು.

ಕೊನೆಗೆ 5 ಮಿ.ಮೀ. ಸನ್‌ಬೋರ್ಡ್ ತಂದೆ, ನಾಮಫಲಕ ಮಾಡುವವರು ಬಳಸುವ ಪಿವಿಸಿ ಹಾಳೆ. 8 × 4 ಅಡಿಯ ಒಂದು ಹಾಳೆಯಲ್ಲಿ 80 × 56ರ ಆರು ತುಂಡು ಬರುತ್ತವೆ. 20 ಪದರಕ್ಕೆ ನಾಲ್ಕು ಹಾಳೆ ಬೇಕಿತ್ತು. ಮೇಲಿನ ಪದರಗಳು ಚಿಕ್ಕವು, ಕತ್ತರಿಸಿ ಮಿಕ್ಕ ತುಂಡುಗಳಲ್ಲೇ ಅವು ಹೊರಟವು. ಮೂರು ಹಾಳೆಯಲ್ಲಿ ಮುಗಿಯಿತು. ಇದಕ್ಕೆ ರಬ್ಬರ್ ಅಂಟು ಹಿಡಿಯುತ್ತದೆ, ನೀರಿಗೆ ಬಿಡುವುದಿಲ್ಲ. ಕತ್ತರಿಸಲು ಅಲಗು ಬದಲಿಸುವ ಚಾಕು ಸಾಕು. ಅಲಗನ್ನು ಜಿಪುಣತನ ಮಾಡದೆ ಮುರಿದು ಎಸೆಯಿರಿ. ಮೊಂಡು ಅಲಗು ಹಾಳೆಯ ಅಂಚನ್ನು ಹರಿಯುತ್ತದೆ, ಹರಿದ ಅಂಚಿನಲ್ಲಿ ಮುಂದೆ ನೀರು ನುಗ್ಗುತ್ತದೆ.

ಅಡಿಗೆ 12 ಮಿ.ಮೀ. ಪ್ಲೈವುಡ್. ಒಂದೇ ಬದಿಗೆ ಬಣ್ಣ ಬಳಿದಿದ್ದರಿಂದ ಅದು ಸೊಟ್ಟಗಾಯಿತು. ಹಲಗೆ 2 ಮಿ.ಮೀ. ಬಾಗಿದರೆ ನೆಲದಲ್ಲಿ 80 ಸೆಂ.ಮೀ. ಮಟ್ಟ ಬದಲಾದ ಹಾಗೆ, ನೀರು ಪಶ್ಚಿಮದ ದಂಡೆಗೆ ವಾಲಿ ನಿಂತಿತು. ಕೆಳಗೆ ಎರಡು ಮರದ ಪಟ್ಟಿ ತಿರುಪಿ ಬಿಗಿದು, ಇನ್ನೊಂದು ಬದಿಗೂ ಬಣ್ಣ ಕೊಟ್ಟ ಮೇಲೆ ನೆಟ್ಟಗಾಯಿತು.

ಹಂತ 4: ಕೆರೆಯಂಗಳ

ಉಪಗ್ರಹ ದತ್ತಾಂಶದಲ್ಲಿ ಕೆರೆ ಚಪ್ಪಟೆ. ರೇಡಾರ್ ನೀರಿನೊಳಕ್ಕೆ ಹೋಗುವುದಿಲ್ಲ. ಅಂಗಳದ ಆಕಾರವನ್ನು ನಾನೇ ಕೊಡಬೇಕಿತ್ತು. ಕೆರೆಯ ಮಾದರಿ ಹೇಗೆ ಮಾಡುವುದೆಂದು ಹುಡುಕಿದರೆ ಸಿಗುವುದೆಲ್ಲ ಉತ್ತರದ ಚಳಿ ದೇಶಗಳ ಸಣ್ಣ ಸರೋವರಗಳು: ಸುತ್ತ ಉಂಗುರ, ಒಳಗೆ ಇನ್ನೊಂದು ಉಂಗುರ, ನಡುವೆ ಎಲ್ಲೋ ಆಳ. ಹಾಗೆಯೇ ಕತ್ತರಿಸಿ ಅಂಟಿಸಿದೆ. ನೋಡಲು ಚೆನ್ನಾಗಿತ್ತು.

ನಕ್ಷೆ ಹಾಳೆಯ ಒಂದು ಪ್ರತಿಯನ್ನು ಹಿಡಿದು ಏರಿಯ ಮೇಲೆ ನಿಂತಿದ್ದಾಗ, ಅಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು ಬಗ್ಗಿ ನೋಡಿದರು. “ನಡುವೆ ಯಾಕೆ ಇಷ್ಟು ಕಪ್ಪು ಹಚ್ಚಿದ್ದೀರಿ? ಗಳ ಮುಳುಗುವುದು ಈ ಏರಿ ಕಡೆ. ಜೊಂಡಿನ ಕಡೆ ಹೋದರೆ ಮಂಡಿಯುದ್ದ ನೀರು,” ಎಂದರು. ಅಂಟಿಸಿದ್ದನ್ನೆಲ್ಲ ಕಿತ್ತು ತೆಗೆಯಲು ಅಷ್ಟು ಸಾಕಾಯಿತು.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ವಾಲ್ಡನ್ ಕೊಳವನ್ನೇ ತೆಗೆದುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 61 ಎಕರೆ. 1846ರಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ನಿಂತು ದಾರ ಇಳಿಬಿಟ್ಟು ಅಳೆದಾಗ 102 ಅಡಿ ಆಳ ಸಿಕ್ಕಿತ್ತು. ಹಿಮನದಿ ಹಿಂದೆ ಸರಿದಾಗ ಹೂತು ಉಳಿದ ಮಂಜುಗಡ್ಡೆ ಕರಗಿ ಆದ ಕುಳಿ ಅದು. ನೀರು ತರುವ ತೊರೆಯೂ ಇಲ್ಲ, ಹೊರಗೆ ಹೋಗುವ ತೊರೆಯೂ ಇಲ್ಲ. ಜಕ್ಕೂರು ಕೆರೆ 160 ಎಕರೆಯ ಆಸುಪಾಸು, ವಾಲ್ಡನ್‌ಗಿಂತ ಎರಡೂವರೆ ಪಟ್ಟು ದೊಡ್ಡದು, ಆದರೆ ಯಾರೂ ಅಗೆದ ಕುಳಿಯಲ್ಲ. ಹಳ್ಳವೊಂದು ಇಳಿಯುತ್ತಿದ್ದ ಕಣಿವೆಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ನಿಲ್ಲಿಸಿದ ನೀರು. ಏರಿಯ ಬುಡದಲ್ಲಿ ಆಳ, ಅಲ್ಲಿಂದ ನೀರು ಬರುವ ದಿಕ್ಕಿಗೆ ಹೋದಷ್ಟೂ ತೆಳುವು. ಉತ್ತರದ ಅಂಚಿನಲ್ಲಿ ಎಲ್ಲಿ ಕೆರೆ ಮುಗಿಯಿತು, ಎಲ್ಲಿ ನೆಲ ಶುರುವಾಯಿತು ಎಂದು ಹೇಳುವುದೇ ಕಷ್ಟ. ಕನ್ನಡ ಶಾಲೆಯಲ್ಲಿ ಓದಿದವನಿಗೆ, ಅಜ್ಜನ ಊರಿನ ಕೆರೆಯಲ್ಲಿ ಈಜು ಕಲಿತವನಿಗೆ ಇದು ತಿಳಿದಿರಬೇಕಿತ್ತು. ಪರದೆ ನೋಡುತ್ತಾ ಕುಳಿತರೆ ಮರೆತುಹೋಗುತ್ತದೆ.

ಆಳದ ಲೆಕ್ಕಕ್ಕೆ ಸುಲಭದ ದಾರಿ ಹಿಡಿದೆ. ಏರಿಯ ಹೊರಮೈಯ ಬುಡವೇ ಹಳೆಯ ಹಳ್ಳದ ಮಟ್ಟ ಎಂದು ಇಟ್ಟುಕೊಂಡು, ಏರಿ ಬಳಿ 4 ಮೀಟರ್, ಉತ್ತರದ ಅಂಚಿನಲ್ಲಿ ಸೊನ್ನೆ, ನಡುವೆ ಒಂದೇ ಇಳಿಜಾರು. ಇದು ಸರ್ವೆಯಲ್ಲ, ಹೂಳಿನ ಲೆಕ್ಕವೂ ಇದರಲ್ಲಿಲ್ಲ. ಮಾದರಿಗೆ ಸಾಕು. 4 ಮೀಟರ್ ಎಂದರೆ 10 ಮಿ.ಮೀ., ಎರಡು ಪದರ. ಮೆಟ್ಟಿಲನ್ನು ಗೋಡೆಯ ಪುಟ್ಟಿಯಿಂದ ಇಳಿಜಾರು ಮಾಡಿದೆ. ಒಣಗಿದ ಮೇಲೆ ಪುಟ್ಟಿ ಇಡಿಯಾಗಿ ಎದ್ದು ಬಂತು: ಸನ್‌ಬೋರ್ಡ್ ಮೈ ನುಣುಪು, ಹಿಡಿತವಿಲ್ಲ. 80ರ ಮರಳು ಕಾಗದದಿಂದ ಉಜ್ಜಿ, ಪ್ರೈಮರ್ ಬಳಿದು, ಪುಟ್ಟಿಯನ್ನು ತೆಳುವಾಗಿ ಎರಡು ಸಲ ಹಚ್ಚಿದ ಮೇಲೆ ಕೂತಿತು. ಅದರ ಮೇಲೆ ತಾರಸಿಗೆ ಬಳಿಯುವ ನೀರುನಿರೋಧಕ ಅಕ್ರಿಲಿಕ್, ಒಂದನ್ನು ಉದ್ದಕ್ಕೆ, ಒಂದನ್ನು ಅಡ್ಡಕ್ಕೆ.

ಹಂತ 5: ಏರಿ, ಕೋಡಿ, ತೂಬು

ಏರಿಯನ್ನು ನಿಜವಾದ ಮಣ್ಣಿನಲ್ಲೇ ಕಟ್ಟಬೇಕೆಂಬ ಹಟ ನನ್ನದು. ಗಣೇಶನ ಮೂರ್ತಿ ಮಾಡುವವರಿಂದ ಜೇಡಿಮಣ್ಣು ತಂದು ಕಟ್ಟಿದೆ. ಒಣಗಿ ಕುಗ್ಗಿದಾಗ ಏರಿಗೂ ಹಲಗೆಗೂ ನಡುವೆ ಕೂದಲೆಳೆಯ ಸಂದು ಬಿಟ್ಟಿತು. ನೀರು ತುಂಬಿದ ಕೂಡಲೇ ಅಲ್ಲಿಂದ ಹೊರಟು, ಸಂದನ್ನು ಕೊರೆದು, ಏರಿ ಒಡೆಯಿತು. ನಿಜವಾದ ಏರಿಗಳೂ ಒಡೆಯುವುದು ಸಾಮಾನ್ಯವಾಗಿ ತೂಬಿನ ಪಕ್ಕದಲ್ಲೋ ಕೋಡಿಯ ಪಕ್ಕದಲ್ಲೋ, ಮಣ್ಣು ಕಲ್ಲಿಗೆ ಸೇರುವ ಕಡೆ. ಪಾಠ ಒಳ್ಳೆಯದೇ, ಆದರೆ ಪ್ರತಿ ಸಲ ಮಕ್ಕಳಿಗೆ ತೋರಿಸಲು ಆಗದು. ಎಂ-ಸೀಲ್‌ನಿಂದ ಮತ್ತೆ ಕಟ್ಟಿ, ಒಳಮೈಗೆ ಸಣ್ಣ ಜಲ್ಲಿ ಅಂಟಿಸಿ ಕಲ್ಲುಕಟ್ಟಣೆ ಮಾಡಿದೆ.

ಕೋಡಿ ನನ್ನನ್ನು ಹೆಚ್ಚು ಕಾಡಿತು. ಏರಿಯ ನೆತ್ತಿಗಿಂತ ಕೋಡಿ 1 ಮೀಟರ್ ಕೆಳಗೆ ಇರಲಿ ಎಂದರೆ ಮಾದರಿಯಲ್ಲಿ 2.5 ಮಿ.ಮೀ. ಅಷ್ಟು ಕಚ್ಚು ಕೊರೆದೆ. ನೀರು ಕೋಡಿಯ ಮಟ್ಟಕ್ಕೆ ಬಂತು, ಹರಿಯಲಿಲ್ಲ. ಇನ್ನೂ ಏರಿತು, ಅಂಚಿನಲ್ಲಿ ಉಬ್ಬಿ ನಿಂತಿತು, ಕೊನೆಗೆ ಏರಿಯ ಮೇಲೆ ಇಡೀ ಉದ್ದಕ್ಕೂ ಒಮ್ಮೆಲೇ ಸುರಿಯಿತು. ನೀರಿನ ಮೇಲ್ಮೈ ಎಳೆತಕ್ಕೆ ನನ್ನ ಅಳತೆಯ ಹಂಗಿಲ್ಲ. ಬಣ್ಣ ಬಳಿದ ಮೈ ಮೇಲೆ ಎರಡು ಮೂರು ಮಿಲಿಮೀಟರಿನಷ್ಟು ನೀರು ಹರಿಯದೆ ಹಾಗೇ ನಿಲ್ಲುತ್ತದೆ. ಕಚ್ಚನ್ನು 6 ಮಿ.ಮೀ.ಗೆ ಇಳಿಸಿದೆ, ಅಳತೆಯ ಶುದ್ಧತೆ ಅಲ್ಲಿಗೆ ಹೋಯಿತು. ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನೂ ಸೇರಿಸಿದೆ. ಈಗ ಕೋಡಿ ಸಣ್ಣಗೆ ಶುರುವಾಗಿ ದಪ್ಪವಾಗುತ್ತದೆ. ದ್ರವ ಹೆಚ್ಚಾದರೆ ಕೆರೆ ನೊರೆಯಾಗುತ್ತದೆ. ಬೆಂಗಳೂರಿನಲ್ಲಿ ಅದನ್ನು ತೋರಿಸಲು ಬೇರೆ ಮಾದರಿ ಬೇಕಿಲ್ಲ.

ತೂಬಿಗೆ ಮೀನಿನ ತೊಟ್ಟಿಯ 6 ಮಿ.ಮೀ. ಕೊಳವೆ, ಪ್ಲಾಸ್ಟಿಕ್ ತಿರುಪು.

ಹಂತ 6: ನೀರು

ಎಸ್.ಪಿ. ರಸ್ತೆಯಿಂದ 12 ವೋಲ್ಟಿನ ಪುಟ್ಟ ಪಂಪ್ ತಂದಿದ್ದೆ, ಗಂಟೆಗೆ 300 ಲೀಟರ್. ಹಚ್ಚಿದ ಕ್ಷಣವೇ ಕೆರೆ ತುಂಬಿ ಮೇಜು, ನೆಲ, ನನ್ನ ಕಾಲು ಎಲ್ಲ ಒದ್ದೆ. ಆಮೇಲೆ ಕೂತು ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿದ್ದದ್ದು. 160 ಎಕರೆ ಎಂದರೆ ಸುಮಾರು 65 ಹೆಕ್ಟೇರ್, ಮಾದರಿಯಲ್ಲಿ 260 ಚದರ ಸೆಂ.ಮೀ. ಸರಾಸರಿ ಆಳ 2 ಮೀಟರ್ ಎಂದುಕೊಂಡರೆ 5 ಮಿ.ಮೀ. ಗುಣಿಸಿದರೆ 130 ಮಿಲಿಲೀಟರ್. ಜಕ್ಕೂರು ಕೆರೆ ಒಂದು ಕಾಫಿ ಲೋಟದಲ್ಲಿ ಹಿಡಿಯುತ್ತದೆ. ನನ್ನ ಪಂಪ್ ಅದನ್ನು ಎರಡು ಸೆಕೆಂಡಿಗೂ ಮೊದಲೇ ತುಂಬುತ್ತಿತ್ತು.

ಪಂಪ್ ಪೆಟ್ಟಿಗೆ ಸೇರಿತು. ಔಷಧಿ ಅಂಗಡಿಯಿಂದ ಗ್ಲೂಕೋಸ್ ಏರಿಸುವ ಡ್ರಿಪ್ ಕೊಳವೆ ಎರಡು ತಂದೆ. 20 ಹನಿಗೆ 1 ಮಿ.ಲೀ., ಚಕ್ರ ತಿರುಗಿಸಿ ವೇಗ ಹೊಂದಿಸಬಹುದು. ಆಗ ಲೆಕ್ಕ ತಾನಾಗಿ ಕೂಡಿಬಂತು. ಈ ಅಳತೆಯಲ್ಲಿ ಮಾದರಿಯ 1 ಮಿ.ಲೀ. ಎಂದರೆ ನೆಲದ ಮೇಲೆ 1 ಕೋಟಿ ಲೀಟರ್. ಜಕ್ಕೂರು ಕೆರೆಯ ಮೇಲ್ತುದಿಯಲ್ಲಿರುವ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕ ಶುರುವಾದಾಗಿನ ಸಾಮರ್ಥ್ಯವೂ ದಿನಕ್ಕೆ 1 ಕೋಟಿ ಲೀಟರ್. ಅಂದರೆ 20 ಹನಿ ಬಿದ್ದರೆ ಒಂದು ದಿನ. ಬರಿದಾದ ಕೆರೆಯನ್ನು ಘಟಕದ ನೀರೊಂದೇ ತುಂಬಬೇಕಾದರೆ 130 ದಿನ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದರೆ ಯಾರೂ ಕೇಳುವುದಿಲ್ಲ, ಹನಿ ಎಣಿಸಲು ಕೊಟ್ಟರೆ ದೊಡ್ಡವರೂ ಕೂರುತ್ತಾರೆ.

ಎರಡನೆಯ ಡ್ರಿಪ್ ಮಳೆಗೆ. 1 ಚದರ ಕಿ.ಮೀ. ನೆಲದ ಮೇಲೆ 50 ಮಿ.ಮೀ. ಮಳೆ ಬಿದ್ದು ಅಷ್ಟೂ ಹರಿದರೆ 5 ಮಿ.ಲೀ. ಮಣ್ಣು ಹೊಲವಿದ್ದಾಗ ಅದರಲ್ಲಿ ಒಂದು ಪಾಲು ಇಂಗುತ್ತಿತ್ತು, ಉಳಿದದ್ದು ನಿಧಾನವಾಗಿ ಬರುತ್ತಿತ್ತು. ಕಾಂಕ್ರೀಟ್ ಆದ ಮೇಲೆ ಹೆಚ್ಚು ಕಡಿಮೆ ಎಲ್ಲವೂ, ಅದೂ ಒಂದೇ ಸಲಕ್ಕೆ. ಇದನ್ನು ತೋರಿಸಲು ಒಂದು ಕಾಲುವೆಯ ದಂಡೆಗೆ ಸ್ಪಂಜು ಅಂಟಿಸಿದ್ದೇನೆ, ಇನ್ನೊಂದನ್ನು ಬರಿದಾಗಿ ಬಿಟ್ಟಿದ್ದೇನೆ. ಬರಿದಾದ ಕಡೆ ನೀರು ಕೆರೆಗೆ ಸೇರುವ ಮೊದಲೇ ತಿರುವಿನಲ್ಲಿ ಕಾಲುವೆ ಬಿಟ್ಟು ಹೊರಗೆ ಹಾರಿತು. ಆ ತಿರುವು ನಮ್ಮ ರಸ್ತೆಯ ಮೂಲೆ. ನಿವಾಸಿಗಳ ಸಭೆಯ ಇಬ್ಬರು ವಾದಿಗಳೂ ಅದನ್ನು ನೋಡಿದ್ದಾರೆ. ಈಗ ಕಾಲುವೆಯನ್ನು ಕಿರಿದು ಮಾಡಿದವರು ಯಾರು ಎಂಬುದರ ಮೇಲೆ ವಾದ.

ಜೌಗು ಭಾಗಕ್ಕೆ ಪಾತ್ರೆ ಉಜ್ಜುವ ಹಸಿರು ನಾರನ್ನು ಕತ್ತರಿಸಿ ಇಟ್ಟೆ. ಜಕ್ಕೂರಿನಲ್ಲಿ ಘಟಕದಿಂದ ಬಂದ ನೀರು ಜೊಂಡಿನ ನಡುವೆ ನಿಧಾನವಾಗಿ ಸಾಗಿಯೇ ಕೆರೆಗೆ ಬೀಳುತ್ತದೆ, ಉಳಿದ ಸಾರಜನಕ, ರಂಜಕಗಳಲ್ಲಿ ಒಂದು ಭಾಗವನ್ನು ಗಿಡಗಳು ಹೀರಿಕೊಳ್ಳುತ್ತವೆ. ನಾರು ಅಷ್ಟೆಲ್ಲ ಮಾಡದು, ಕೆಮ್ಮಣ್ಣಿನ ನೀರು ಬಿಟ್ಟರೆ ಆಚೆಗೆ ತಿಳಿಯಾಗಿ ಬರುತ್ತದೆ, ಅಷ್ಟು ಸಾಕು. ಆದರೆ ಒಣ ನಾರು ಮೊದಲ ಹಲವು ದಿನಗಳ ನೀರನ್ನು ತಾನೇ ಕುಡಿದುಬಿಡುತ್ತದೆ. ಪ್ರದರ್ಶನಕ್ಕೆ ಮೊದಲು ನೆನೆಸಿ ಹಿಂಡಿ ಇಡಬೇಕು.

ಹಂತ 7: ಸೋರಿಕೆಯ ತನಿಖೆ

ರಾತ್ರಿ ತುಂಬಿಟ್ಟ ಕೆರೆ ಮರುದಿನ ಅರ್ಧವಾಗಿರುತ್ತಿತ್ತು. ಅಂಗಳ ಸೋರುತ್ತಿದೆ ಎಂದು ಮತ್ತೊಂದು ಕೋಟ್ ಅಕ್ರಿಲಿಕ್ ಬಳಿದೆ. ವ್ಯತ್ಯಾಸವಿಲ್ಲ. ಆಮೇಲೆ ಹೊಳೆಯಿತು: ಮೇಲೆ ಫ್ಯಾನ್ ತಿರುಗುತ್ತಿದೆ, ಸರಾಸರಿ ಆಳವೇ 5 ಮಿ.ಮೀ. ಎರಡು ಮೂರು ಮಿಲಿಮೀಟರ್ ಆವಿಯಾದರೆ ಅರ್ಧ ಕೆರೆ ಹೋಯಿತು. ಆವಿಯಾಗುವುದಕ್ಕೂ ನನ್ನ 1:400ಕ್ಕೂ ಸಂಬಂಧವಿಲ್ಲ. ಪಾಲಿಥೀನ್ ಹಾಳೆ ಮುಚ್ಚಿ, ಅಂಚಿಗೆ ಟೇಪ್ ಹಚ್ಚಿ, ರಾತ್ರಿ ಬಿಟ್ಟು ನೋಡಿದೆ. ಮಟ್ಟ ಹೆಚ್ಚು ಕಡಿಮೆ ಹಾಗೇ ಇತ್ತು. ಕಡಿಮೆಯಾದಷ್ಟು ನೀರು ತೂಬಿನ ಕೆಳಗೆ ಇಟ್ಟಿದ್ದ ತಟ್ಟೆಯಲ್ಲಿತ್ತು. ಸೋರಿಕೆ ಹುಡುಕುವವರು ಮೊದಲು ಮುಚ್ಚಿ ನೋಡಿ, ಆಮೇಲೆ ಬಣ್ಣದ ಡಬ್ಬಿ ತೆರೆಯಿರಿ.

ಖರ್ಚು

ಸನ್‌ಬೋರ್ಡ್ ₹3,600, ಪ್ಲೈವುಡ್ ಮತ್ತು ಪಟ್ಟಿ ₹950, ಅಚ್ಚು ₹240, ಅಂಟು ಮತ್ತು ಎಂ-ಸೀಲ್ ₹420, ಪುಟ್ಟಿ ₹220, ನೀರುನಿರೋಧಕ ₹480, ಬಣ್ಣ ₹350, ಡ್ರಿಪ್ ₹90, ಕೊಳವೆ ಮತ್ತು ತಿರುಪು ₹120. ಒಟ್ಟು ₹6,470. ಇದರ ಮೇಲೆ ಕೆಲಸಕ್ಕೆ ಬಾರದೆ ಹೋದ ಪಂಪ್ ₹380, ಥರ್ಮೊಕೋಲ್ ₹300. ಜೇಡಿಮಣ್ಣಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಬಾಕಿ

ತೂಬಿನ ಕೊಳವೆ ಮೆತ್ತಗಿನದು, ತಿರುಪು ತಿರುಗಿಸಿದಾಗಲೆಲ್ಲ ಅಲುಗಾಡಿ ಬುಡದ ಎಂ-ಸೀಲ್ ಬಿಡುತ್ತದೆ. ಗಟ್ಟಿಯಾದ ಹಿತ್ತಾಳೆ ಕೊಳವೆ ಹಾಕಿ, ತಿರುಪನ್ನು ಹಲಗೆಗೆ ಪ್ರತ್ಯೇಕವಾಗಿ ಬಿಗಿಯಬೇಕು. ದೊಡ್ಡ ಕೊರತೆ ದಕ್ಷಿಣದ ತುದಿಯಲ್ಲಿದೆ. 4 ಕಿ.ಮೀ. ಸಾಲಲಿಲ್ಲ, ರಾಚೇನಹಳ್ಳಿ ಕೆರೆಯ ಮೇಲುಭಾಗ ಮಾತ್ರ ಹಲಗೆಗೆ ಬಂದಿದೆ, ಅದರ ಏರಿ ಹೊರಗುಳಿದಿದೆ. ಸದ್ಯಕ್ಕೆ ಅಂಚಿಗೆ ಅಕ್ರಿಲಿಕ್ ಪಟ್ಟಿಯೊಂದನ್ನು ಅಡ್ಡ ನಿಲ್ಲಿಸಿದ್ದೇನೆ, ಅದನ್ನು ದಾಟಿದ ನೀರು ಕೆಳಗಿನ ಬಕೆಟ್‌ಗೆ ಬೀಳುತ್ತದೆ. ಬಕೆಟ್ ಮೇಲೆ ಮಕ್ಕಳು ಎಲೆಮಲ್ಲಪ್ಪ ಶೆಟ್ಟಿ ಕೆರೆ ಎಂದು ಬರೆದಿದ್ದಾರೆ. ಎರಡನೆಯ ಹಲಗೆಯನ್ನು ಇದಕ್ಕೆ ಜೋಡಿಸುವಾಗ ಸಂದಿನಲ್ಲಿ ನೀರು ಸೋರದಂತೆ ಏನು ಮಾಡುವುದೆಂದು ಇನ್ನೂ ತೀರ್ಮಾನಿಸಿಲ್ಲ. ಕಿಟಕಿ ಗಾಜಿಗೆ ಹಾಕುವ ರಬ್ಬರ್ ಪಟ್ಟಿಯ ತುಂಡೊಂದನ್ನು ತಂದಿಟ್ಟಿದ್ದೇನೆ, ಮೊದಲು ಅದನ್ನು ಪರೀಕ್ಷಿಸುತ್ತೇನೆ.